ಸಿರಿಂಜು, ಪೆನ್ಸಿಲು, ಟಾರ್ಚ್ ಸೆಲ್ಲು: ನೀರನ್ನು ವಿಭಜಿಸಿ ಅಳೆಯುವ ಉಪಕರಣ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ನೀರಿನ ವಿದ್ಯುದ್ವಿಭಜನೆಯ ಚಟುವಟಿಕೆ ಬರುತ್ತದೆ. ಪ್ಲಾಸ್ಟಿಕ್ ಮಗ್ಗಿನ ತಳದಲ್ಲಿ ಎರಡು ರಂಧ್ರ, ರಂಧ್ರಗಳಿಗೆ ರಬ್ಬರ್ ಬಿರಡೆ, ಬಿರಡೆಗಳಲ್ಲಿ ಇಂಗಾಲದ ಕಡ್ಡಿ, 6 ವೋಲ್ಟಿನ ಬ್ಯಾಟರಿ, ಕಡ್ಡಿಗಳ ಮೇಲೆ ನೀರು ತುಂಬಿ ಬೋರಲು ಹಾಕಿದ ಎರಡು ಪ್ರನಾಳಗಳು. ಗುಳ್ಳೆ ಏಳುವುದನ್ನು ನೋಡುವುದಕ್ಕೆ ಇಷ್ಟು ಧಾರಾಳವಾಗಿ ಸಾಕು. ಆದರೆ ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು ಎಂಬ ಮಾತನ್ನು ಅಳೆದು ತೋರಿಸಲು ಹೊರಟಾಗ ತೊಡಕುಗಳು ಒಂದೊಂದಾಗಿ ಎದುರಾಗುತ್ತವೆ: ಬಿರಡೆ ಸೋರುತ್ತದೆ, ಪ್ರನಾಳದ ಮೇಲೆ ಅಳತೆಯ ಗೆರೆಗಳಿರುವುದಿಲ್ಲ, ಅದನ್ನು ಗಾಳಿ ಸೇರದಂತೆ ಬೋರಲು ಹಾಕುವುದು ಮಕ್ಕಳ ಕೈಗೆ ಒಗ್ಗುವುದಿಲ್ಲ, ಆಕ್ಸಿಜನ್ನಿನ ಕಡೆ ಬರಬೇಕಾದಷ್ಟು ಅನಿಲವೂ ಬರುವುದಿಲ್ಲ. ಈ ತೊಡಕುಗಳನ್ನು ನಿವಾರಿಸಿಕೊಂಡು, ಊರಿನ ಅಂಗಡಿಗಳಲ್ಲಿ ಸಿಗುವ ಸಾಮಾನುಗಳಿಂದಲೇ, ಅನಿಲವನ್ನು ಅಳೆಯಬಲ್ಲ ಒಂದು ಸಣ್ಣ ಉಪಕರಣವನ್ನು ಕಟ್ಟುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಕಟ್ಟುವಾಗ ಹಿರಿಯರೊಬ್ಬರು ಜೊತೆಗಿರಬೇಕು.

ಬೇಕಾಗುವ ಸಾಮಾನುಗಳು

ಔಷಧಿ ಅಂಗಡಿಯಲ್ಲಿ ಸಿಗುವ 10 ಮಿಲಿಲೀಟರಿನ ಸಿರಿಂಜುಗಳು ಮೂರು, ಸೂಜಿಯಿಲ್ಲದೆ. ಅವುಗಳಲ್ಲಿ ಎರಡರ ಕೊಳವೆಗಳು ಅನಿಲವನ್ನು ಹಿಡಿಯುವ ಅಳತೆ ನಳಿಗೆಗಳಾಗುತ್ತವೆ. ಮೂರನೆಯದು ಅನಿಲವನ್ನು ಎಳೆದುಕೊಳ್ಳುವುದಕ್ಕೆ. ಪ್ರನಾಳಕ್ಕಿಂತ ಸಿರಿಂಜನ್ನೇ ನಾನು ಮೆಚ್ಚುವುದಕ್ಕೆ ಕಾರಣವಿದೆ. ಅದರ ಮೇಲೆ ಗೆರೆಗಳು ಮೊದಲೇ ಅಚ್ಚಾಗಿರುತ್ತವೆ, ಮತ್ತು ಬೋರಲು ಹಿಡಿದಾಗ ಸೊನ್ನೆಯ ಗೆರೆ ಮೇಲ್ತುದಿಯಲ್ಲಿ ಇರುವುದರಿಂದ ಸಂಗ್ರಹವಾದ ಅನಿಲದ ಗಾತ್ರವನ್ನು ನೇರವಾಗಿ ಓದಿಕೊಳ್ಳಬಹುದು.

ಸೈಕಲ್ ರಿಪೇರಿ ಅಂಗಡಿಯಿಂದ ವಾಲ್ವ್‌ಗೆ ಹಾಕುವ ತೆಳುವಾದ ರಬ್ಬರ್ ಟ್ಯೂಬನ್ನು ಒಂದು ಗೇಣಿನಷ್ಟು ತರಬೇಕು. ಕಾಗದಕ್ಕೆ ಹಾಕುವ ಎರಡು ಗಟ್ಟಿ ಕ್ಲಿಪ್ಪುಗಳು, ನಾಲ್ಕು ದೊಡ್ಡ ಟಾರ್ಚ್ ಸೆಲ್ಲುಗಳು, ಸೆಲ್ಲುಗಳನ್ನು ಸಾಲಾಗಿ ಕೂರಿಸುವ ಹೋಲ್ಡರ್, ಕೆಂಪು ಮತ್ತು ಕಪ್ಪು ವೈರು, ಎಂ-ಸೀಲ್, ಮತ್ತು ಸಿಹಿತಿಂಡಿ ತುಂಬಿ ಕೊಡುವಂಥ ಪಾರದರ್ಶಕವಾದ ಪ್ಲಾಸ್ಟಿಕ್ ಡಬ್ಬಿ, ಇವು ಉಳಿದ ಸಾಮಾನುಗಳು. ಡಬ್ಬಿ ನಾಲ್ಕು ಬೆರಳಿನಷ್ಟಾದರೂ ಆಳವಿರಲಿ. ಮಲ್ಟಿಮೀಟರ್ ಇದ್ದರೆ ಕೆಲಸಕ್ಕೆ ಬೇರೆಯೇ ಕಳೆ ಬರುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಎಲೆಕ್ಟ್ರೋಡುಗಳಿಗೆ, ಅಂದರೆ ನೀರಿನೊಳಗೆ ವಿದ್ಯುತ್ತನ್ನು ಹಾಯಿಸುವ ಕಡ್ಡಿಗಳಿಗೆ, ಗ್ರಾಫೈಟ್ ಬೇಕು. ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯಲ್ಲಿ 6ಬಿ ಅಥವಾ 8ಬಿ ಪೆನ್ಸಿಲ್ ಕೇಳಿ. ಬರೆಯುವ ಎಚ್‌ಬಿ ಪೆನ್ಸಿಲಿನ ಕಡ್ಡಿಯಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚಾಗಿರುವುದರಿಂದ ಅದು ವಿದ್ಯುತ್ತಿಗೆ ಹೆಚ್ಚು ಅಡ್ಡಿ ಒಡ್ಡುತ್ತದೆ. ಮೃದುವಾದ ಪೆನ್ಸಿಲಿನಲ್ಲಿ ಗ್ರಾಫೈಟಿನ ಪಾಲು ಹೆಚ್ಚು, ಕಡ್ಡಿಯೂ ದಪ್ಪ. ಹಳೆಯ ಟಾರ್ಚ್ ಸೆಲ್ಲನ್ನು ಒಡೆದು ಇಂಗಾಲದ ಕಡ್ಡಿ ತೆಗೆಯುವ ಪದ್ಧತಿ ಬಹಳ ಕಾಲದಿಂದ ಇದೆ. ಸಾಮಾನ್ಯ ಸತು-ಇಂಗಾಲದ ಸೆಲ್ಲಿನಲ್ಲಿ ಆ ಕಡ್ಡಿ ಇರುವುದು ನಿಜ, ಆದರೆ ಆಲ್ಕಲೈನ್ ಸೆಲ್ಲಿನಲ್ಲಿ ಅದು ಇರುವುದಿಲ್ಲ, ಬದಲಿಗೆ ಚರ್ಮವನ್ನು ಸುಡುವ ಕ್ಷಾರ ಇರುತ್ತದೆ. ಮಕ್ಕಳು ಈ ಎರಡನ್ನೂ ಹೊರಗಿನಿಂದ ನೋಡಿ ಬೇರೆಮಾಡುವುದು ಕಷ್ಟ. ಆದ್ದರಿಂದ ಯಾವ ಸೆಲ್ಲನ್ನೂ ಒಡೆಯುವುದು ಬೇಡ.

ಸ್ಟೀಲ್ ಚಮಚ, ಮೊಳೆ, ತಾಮ್ರದ ತಂತಿ ಇವುಗಳನ್ನು ಎಲೆಕ್ಟ್ರೋಡುಗಳಾಗಿ ಬಳಸಬಾರದು. 1800ರಲ್ಲಿ ಲಂಡನ್ನಿನಲ್ಲಿ ವಿಲಿಯಂ ನಿಕಲ್ಸನ್ ಮತ್ತು ಆಂಥೋನಿ ಕಾರ್ಲೈಲ್, ವೋಲ್ಟಾ ಅವರ ಹೊಸ ಬ್ಯಾಟರಿಯ ಸುದ್ದಿ ತಿಳಿದ ಕೂಡಲೇ ತಾವೂ ಒಂದನ್ನು ಕಟ್ಟಿ ನೀರನ್ನು ವಿಭಜಿಸಿದಾಗ, ಹಿತ್ತಾಳೆಯ ತಂತಿ ಬಳಸಿದಾಗ ಒಂದು ಕಡೆ ಹೈಡ್ರೋಜನ್ ಬಂತು, ಇನ್ನೊಂದು ಕಡೆ ತಂತಿಯೇ ಕಂದಿ ಸವೆಯಿತು. ಪ್ಲಾಟಿನಂ ತಂತಿಗೆ ಬದಲಾಯಿಸಿದ ಮೇಲೆ ಎರಡೂ ಕಡೆ ಅನಿಲ ಕಾಣಿಸಿತು. ಧನಾಗ್ರದಲ್ಲಿ, ಅಂದರೆ ಬ್ಯಾಟರಿಯ ಧನ ತುದಿಗೆ ಸೇರುವ ಎಲೆಕ್ಟ್ರೋಡಿನಲ್ಲಿ, ಲೋಹವಿದ್ದರೆ ಬಹಳಷ್ಟು ಸಲ ನೀರಿಗಿಂತ ಮೊದಲು ಲೋಹವೇ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಸ್ಟೀಲಿನ ವಿಷಯದಲ್ಲಿ ಇನ್ನೂ ಒಂದು ಅಪಾಯವಿದೆ: ಅದರೊಳಗಿನ ಕ್ರೋಮಿಯಂ ವಿಷಕಾರಿಯಾದ ಕ್ರೋಮೇಟಿನ ರೂಪದಲ್ಲಿ ನೀರಿಗೆ ಸೇರಬಹುದು.

ನೀರಿಗೆ ಏನು ಬೆರೆಸಬೇಕು

ಶುದ್ಧವಾದ ನೀರಿನಲ್ಲಿ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ತೀರಾ ಕಡಿಮೆ ಇರುವುದರಿಂದ ವಿದ್ಯುತ್ ಹರಿಯುವುದಿಲ್ಲ ಎನ್ನಬಹುದು. ಹಾಗಾಗಿ ಏನನ್ನಾದರೂ ಕರಗಿಸಲೇಬೇಕು. ಅಡುಗೆಮನೆಯಲ್ಲಿ ಮೊದಲು ಕೈಗೆ ಸಿಗುವುದು ಉಪ್ಪು, ಮತ್ತು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಅದೇ. ಉಪ್ಪು ಹಾಕಿದರೆ ಧನಾಗ್ರದಲ್ಲಿ ಆಕ್ಸಿಜನ್ನಿಗಿಂತ ಹೆಚ್ಚಾಗಿ ಕ್ಲೋರಿನ್ ಹೊರಬರುತ್ತದೆ. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿದರೆ ಅದು ಕ್ಲೋರಿನ್. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವುದು ಶ್ವಾಸಕೋಶಕ್ಕೆ ಹಾನಿಕರ. ಇದೇ ಕಾರಣಕ್ಕೆ ಬೋರ್‌ವೆಲ್ ನೀರೂ ಬೇಡ, ಏಕೆಂದರೆ ಉಪ್ಪುಪ್ಪಾದ ನೀರಿನಲ್ಲಿ ಕ್ಲೋರೈಡ್ ಇದ್ದೇ ಇರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದಿಟ್ಟುಕೊಂಡರೆ ಹಲವು ಪ್ರಯೋಗಗಳಿಗೆ ಆಗುತ್ತದೆ.

ಅಡುಗೆ ಸೋಡವನ್ನು ಹಲವರು ಸೂಚಿಸುತ್ತಾರೆ. ಅದು ಅಪಾಯಕಾರಿಯಲ್ಲ, ಗುಳ್ಳೆಗಳೂ ಚೆನ್ನಾಗಿ ಬರುತ್ತವೆ. ಆದರೆ ಧನಾಗ್ರದ ಬಳಿ ಉಂಟಾಗುವ ಆಮ್ಲವು ಸೋಡದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುವುದರಿಂದ ಆಕ್ಸಿಜನ್ ನಳಿಗೆಯಲ್ಲಿರುವುದು ಯಾವ ಅನಿಲ, ಎಷ್ಟು ಎಂಬುದನ್ನು ಹೇಳಲಾಗದು. ಅಳತೆಯೇ ಗುರಿಯಾಗಿರುವಾಗ ಅದು ಕೆಲಸಕ್ಕೆ ಬಾರದು. ಪಠ್ಯಪುಸ್ತಕ ಹೇಳುವ ದುರ್ಬಲ ಸಲ್ಫ್ಯೂರಿಕ್ ಆಮ್ಲ ಶಾಲೆಯ ಪ್ರಯೋಗಾಲಯದಲ್ಲಿ ಸರಿ. ಮನೆಗೆ ಬ್ಯಾಟರಿ ಆ್ಯಸಿಡ್ ತರುವುದನ್ನು ನಾನು ಒಪ್ಪುವುದಿಲ್ಲ.

ಸಲ್ಫೇಟ್ ಲವಣವೊಂದು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಸೋಡಿಯಂ ಸಲ್ಫೇಟ್ ಸಿಕ್ಕರೆ ಅದು ಅತ್ಯುತ್ತಮ. ಸಿಗದಿದ್ದರೆ ಅಡಿಕೆ, ತೆಂಗಿನ ತೋಟಗಳಿಗೆ ಗೊಬ್ಬರದ ಅಂಗಡಿಯವರು ಮಾರುವ ಮೆಗ್ನೀಷಿಯಂ ಸಲ್ಫೇಟ್ ಸಾಕು. ಔಷಧಿ ಅಂಗಡಿಯಲ್ಲಿ ಇದೇ ವಸ್ತು ಎಪ್ಸಂ ಸಾಲ್ಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕಾಲು ಲೀಟರ್ ನೀರಿಗೆ ಸುಮಾರು 25 ಗ್ರಾಂ ಹಾಕಿ ಪೂರ್ತಿ ಕರಗಿಸಿ, ಕಸವಿದ್ದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಮೆಗ್ನೀಷಿಯಂ ಲವಣದಲ್ಲಿ ಒಂದು ಕೊರತೆ ಉಂಟು: ಸ್ವಲ್ಪ ಹೊತ್ತಿನ ಮೇಲೆ ಬ್ಯಾಟರಿಯ ಋಣ ತುದಿಗೆ ಸೇರುವ ಕಡ್ಡಿಯಾದ ಋಣಾಗ್ರದ ಸುತ್ತ ಬಿಳಿಯ ಮೋಡದಂಥದ್ದು ಕವಿಯುತ್ತದೆ. ಅದು ಮೆಗ್ನೀಷಿಯಂ ಹೈಡ್ರಾಕ್ಸೈಡ್. ಅಳತೆಗೆ ಅದರಿಂದ ಬಾಧೆಯಿಲ್ಲ, ಕಡ್ಡಿಗೆ ಅಂಟಿಕೊಂಡು ಪ್ರವಾಹ ಇಳಿದರೆ ಒರೆಸಿದರಾಯಿತು.

ಕಟ್ಟುವ ಬಗೆ

ಪೆನ್ಸಿಲನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದರೆ ಎರಡು ಹೋಳುಗಳನ್ನು ಕೂಡಿಸಿದ ಅಂಟು ಸಡಿಲವಾಗಿ, ಬ್ಲೇಡಿನಿಂದ ಅಂಚಿನುದ್ದಕ್ಕೂ ಮೆಲ್ಲಗೆ ಮೀಟಿದಾಗ ಮರ ಸೀಳಿಕೊಳ್ಳುತ್ತದೆ. ಮರದ ಸಮೇತ ಪೆನ್ಸಿಲನ್ನು ತೂರಿಸುವ ಸುಲಭದ ದಾರಿ ಇದ್ದರೂ, ಮರದ ಎಳೆಗಳ ಮೂಲಕ ನೀರು ಜಿನುಗಿ ತಳದ ಜೋಡಣೆಯನ್ನು ತಲುಪುತ್ತದೆ. ಹೊರತೆಗೆದ ಕಡ್ಡಿಯನ್ನು ಬೆರಳುದ್ದದ ಎರಡು ತುಂಡುಗಳಾಗಿ ಮುರಿದು, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ಕಡ್ಡಿಯ ಮೇಲೆ ಮೇಣದ ಅಂಶವಿದ್ದರೆ ನೀರು ಅದಕ್ಕೆ ಹಿಡಿಯದೆ, ಗುಳ್ಳೆಗಳು ಅಲ್ಲಲ್ಲೇ ಅಂಟಿಕೊಂಡು ನಿಲ್ಲುತ್ತವೆ. ಉಜ್ಜಿದ ಮೇಲೆ ಅದು ಸರಿಹೋಗುತ್ತದೆ.

ಡಬ್ಬಿಯ ತಳದಲ್ಲಿ ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಗುರುತುಗಳ ಮೇಲೆ ಒತ್ತಿ, ಕಡ್ಡಿ ಬಿಗಿಯಾಗಿ ತೂರುವಷ್ಟೇ ರಂಧ್ರ ಮಾಡಿ. ಕಡ್ಡಿಯ ಮೂರು ಸೆಂಟಿಮೀಟರ್ ಒಳಗೆ, ಎರಡು ಸೆಂಟಿಮೀಟರ್ ಹೊರಗೆ ಇರುವಂತೆ ನಿಲ್ಲಿಸಿ, ತಳದ ಎರಡೂ ಮಗ್ಗುಲಲ್ಲಿ ಎಂ-ಸೀಲ್ ಮೆತ್ತಬೇಕು. ಎಂ-ಸೀಲಿನ ಎರಡು ಬಗೆಯ ಮುದ್ದೆಗಳನ್ನು ಬಣ್ಣ ಒಂದೇ ಸಮನಾಗುವವರೆಗೆ ಚೆನ್ನಾಗಿ ನಾದಿಕೊಳ್ಳಬೇಕು. ಅರ್ಧಂಬರ್ಧ ಬೆರೆಸಿದ ಭಾಗ ಗಟ್ಟಿಯಾಗುವುದಿಲ್ಲ, ಸೋರಿಕೆ ಶುರುವಾಗುವುದೇ ಅಲ್ಲಿಂದ. ಕಡ್ಡಿಯ ಬುಡಕ್ಕೆ ಅದನ್ನು ಒತ್ತುವಾಗ ಬೆರಳನ್ನು ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ. ಒಂದು ದಿನ ಹಾಗೆಯೇ ಒಣಗಲು ಬಿಟ್ಟು, ಆಮೇಲೆ ಬರಿಯ ನೀರು ತುಂಬಿ, ಡಬ್ಬಿಯ ಕೆಳಗೆ ವೃತ್ತಪತ್ರಿಕೆ ಹಾಸಿ ಅರ್ಧ ಗಂಟೆ ಇಡಿ. ಕಾಗದ ಒದ್ದೆಯಾಗದಿದ್ದರೆ ಮುಂದುವರಿಯಬಹುದು.

ಹೊರಗೆ ಚಾಚಿದ ಕಡ್ಡಿಗಳಿಗೆ ವೈರಿನ ಸುಲಿದ ತುದಿಯನ್ನು ಬಿಗಿಯಾಗಿ ಐದಾರು ಸುತ್ತು ಸುತ್ತಿ ಟೇಪು ಹಾಕಿ, ಡಬ್ಬಿಯನ್ನು ಎರಡು ಮರದ ತುಂಡುಗಳ ಮೇಲೆ ಎತ್ತರಿಸಿ ಇಡಿ. ತಾಮ್ರವು ನೀರಿನಿಂದ ಪೂರ್ತಿ ಹೊರಗಿರುವುದೇ ಈ ವಿನ್ಯಾಸದ ಗುಣ. ಪ್ರಯೋಗದ ನಡುವೆ ನೀರು ನೀಲಿ-ಹಸಿರಿಗೆ ತಿರುಗಿದರೆ ಎಲ್ಲೋ ತಾಮ್ರಕ್ಕೆ ನೀರು ಮುಟ್ಟಿದೆ ಎಂದರ್ಥ, ಕೂಡಲೇ ಸೆಲ್ಲನ್ನು ಬಿಡಿಸಬೇಕು.

ಇನ್ನು ಅಳತೆ ನಳಿಗೆಗಳು. ಎರಡು ಸಿರಿಂಜುಗಳ ದಂಡವನ್ನು ತೆಗೆದುಹಾಕಿ, ಕೊಳವೆಯ ಅಗಲವಾದ ಬಾಯಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಕಚ್ಚುಗಳನ್ನು ಬಿಸಿ ಬ್ಲೇಡಿನಿಂದ ಕೊರೆಯಬೇಕು. ಈ ಕಚ್ಚುಗಳನ್ನು ಬಿಟ್ಟುಬಿಟ್ಟರೆ ಕೊಳವೆಯ ಬಾಯಿ ಡಬ್ಬಿಯ ತಳಕ್ಕೆ ಒತ್ತಿಕೊಂಡು ಕೂತು, ಅಯಾನುಗಳಿಗೆ ಒಂದು ನಳಿಗೆಯಿಂದ ಇನ್ನೊಂದಕ್ಕೆ ಹಾದುಹೋಗಲು ದಾರಿಯೇ ಇರುವುದಿಲ್ಲ. ಉಳಿದೆಲ್ಲವೂ ಸರಿಯಿದ್ದೂ ಗುಳ್ಳೆ ಬಾರದೆ ಕಂಗೆಡಿಸುವ ಪ್ರಸಂಗಗಳಲ್ಲಿ ಇದೂ ಒಂದು. ಕೊಳವೆಯ ಸಣ್ಣ ಮೂತಿಗೆ ಮೂರು ಸೆಂಟಿಮೀಟರ್ ಉದ್ದದ ವಾಲ್ವ್ ಟ್ಯೂಬನ್ನು ಒದ್ದೆ ಮಾಡಿ ಎಳೆದು ತೊಡಿಸಿ. ಕೊಳವೆಗಳನ್ನು ಮೂತಿ ಮೇಲಾಗಿ ಕಡ್ಡಿಗಳ ಮೇಲೆ ನಿಲ್ಲಿಸಿ, ಅವು ವಾಲದಂತೆ ಡಬ್ಬಿಯ ಬಾಯಿಗೆ ಅಡ್ಡಲಾಗಿ ಎರಡು ರಂಧ್ರಗಳಿರುವ ರಟ್ಟಿನ ಪಟ್ಟಿಯೊಂದನ್ನು ಕೂರಿಸಬೇಕು. ಕಡ್ಡಿಯ ಒಂದು ಚೂರೂ ಕೊಳವೆಯಿಂದ ಹೊರಗೆ ಉಳಿಯಬಾರದು.

ದ್ರಾವಣವನ್ನು ಡಬ್ಬಿಗೆ ಸುರಿದ ಮೇಲೆ ಮೂರನೆಯ ಸಿರಿಂಜಿನ ಮೂತಿಯನ್ನು ವಾಲ್ವ್ ಟ್ಯೂಬಿಗೆ ಸಿಕ್ಕಿಸಿ ದಂಡವನ್ನು ಮೆಲ್ಲಗೆ ಎಳೆದರೆ, ಕೊಳವೆಯೊಳಗಿನ ಗಾಳಿ ಹೊರಬಂದು ದ್ರಾವಣ ಮೇಲೇರಿ ಟ್ಯೂಬಿನವರೆಗೂ ಬರುತ್ತದೆ. ಅಲ್ಲಿಗೆ ಟ್ಯೂಬನ್ನು ಮೂತಿಗೆ ಹತ್ತಿರವಾಗಿ ಮಡಿಸಿ ಕ್ಲಿಪ್ಪು ಹಾಕಿ. ಐದು ನಿಮಿಷ ಕಳೆದರೂ ನೀರಿನ ಮಟ್ಟ ಇಳಿಯದಿದ್ದರೆ ನಳಿಗೆ ಭದ್ರವಾಗಿದೆ. 1866ರಲ್ಲಿ ಜರ್ಮನಿಯ ಆಗಸ್ಟ್ ವಿಲ್ಹೆಲ್ಮ್ ಫಾನ್ ಹಾಫ್‌ಮನ್ ಗಾಜಿನಲ್ಲಿ ರೂಪಿಸಿದ, ಇಂದಿಗೂ ಕಾಲೇಜುಗಳ ಪ್ರಯೋಗಾಲಯದಲ್ಲಿ ಕಾಣಸಿಗುವ ವೋಲ್ಟಾಮೀಟರ್ ಎಂಬ ನೀರು ವಿಭಜಿಸುವ ಉಪಕರಣದ ಕೆಲಸವನ್ನೇ ಈ ಸಿರಿಂಜುಗಳು ಮಾಡುತ್ತವೆ.

ವಿದ್ಯುತ್ ಮೂಲದ ಬಗ್ಗೆ

ನೀರನ್ನು ವಿಭಜಿಸಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ವಾಸ್ತವದಲ್ಲಿ ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ಅನಿಲ ಹುಟ್ಟಲು ಹೆಚ್ಚುವರಿ ವೋಲ್ಟೇಜ್ ಬೇಕು, ದ್ರಾವಣದ ಮತ್ತು ಗ್ರಾಫೈಟಿನ ರೋಧವೂ ಒಂದಿಷ್ಟನ್ನು ನುಂಗುತ್ತದೆ. ಆದ್ದರಿಂದ ಒಂದೇ ಸೆಲ್ಲಿನಿಂದ ಕೆಲಸವಾಗುವುದಿಲ್ಲ. ಸಾಲಾಗಿ ಜೋಡಿಸಿದ ನಾಲ್ಕು ಸೆಲ್ಲುಗಳ 6 ವೋಲ್ಟ್ ಹದವಾಗಿದೆ. ಗೋಡೆಯ ಪ್ಲಗ್ಗಿನ 230 ವೋಲ್ಟಿನ ವಿದ್ಯುತ್ತನ್ನು ಡಯೋಡ್ ಹಾಕಿಯೋ ಬಲ್ಬ್ ಹಾಕಿಯೋ ನೇರವಾಗಿ ಉಪ್ಪುನೀರಿಗೆ ಕೊಡುವ ಸಲಹೆ ಯಾರಿಂದ ಬಂದರೂ ಕಿವಿಗೆ ಹಾಕಿಕೊಳ್ಳಬೇಡಿ, ಅದು ಪ್ರಾಣಕ್ಕೇ ಎರವಾಗುತ್ತದೆ. ಬೈಕಿನ, ಇನ್ವರ್ಟರಿನ ಬ್ಯಾಟರಿಗಳೂ ಬೇಡ: ವೈರುಗಳು ಅಕಸ್ಮಾತ್ ತಾಗಿಕೊಂಡರೆ ಅವುಗಳಿಂದ ಹರಿಯುವ ಪ್ರವಾಹ ವೈರನ್ನು ಸುಡುವಷ್ಟಿರುತ್ತದೆ. ಕಡಿಮೆ ಬೆಲೆಯ ಮೊಬೈಲ್ ಚಾರ್ಜರಿನ ಒಳಗಿನ ನಿರೋಧನವನ್ನು ನಂಬುವುದಕ್ಕಿಂತ ಟಾರ್ಚ್ ಸೆಲ್ಲಿಗೆ ಹಣ ಕೊಡುವುದು ಒಳ್ಳೆಯದು.

ನಡೆಸುವುದು, ಓದುವುದು

ಮೊದಲ ಹದಿನೈದು ಇಪ್ಪತ್ತು ನಿಮಿಷ ಕ್ಲಿಪ್ಪುಗಳನ್ನು ತೆಗೆದು, ಕಿಟಕಿ ತೆರೆದು, ಅನಿಲವನ್ನು ಹಿಡಿಯದೆ ಸುಮ್ಮನೆ ಹೋಗಲು ಬಿಡಬೇಕು. ಆಕ್ಸಿಜನ್ ನೀರಿನಲ್ಲಿ ಹೈಡ್ರೋಜನ್ನಿಗಿಂತ ಹೆಚ್ಚು ಕರಗುತ್ತದೆ. ದ್ರಾವಣಕ್ಕೆ ಅನಿಲ ಹೀರುವ ದಾಹ ಇಂಗುವ ಮುನ್ನ ಅಳತೆಗೆ ಕೈಹಾಕಿದರೆ ಆಕ್ಸಿಜನ್ನಿನ ಪಾಲು ಕಡಿಮೆ ಕಾಣುತ್ತದೆ. ಆ ಬಳಿಕ ನಳಿಗೆಗಳನ್ನು ಮತ್ತೆ ತುಂಬಿಸಿ ಕ್ಲಿಪ್ಪು ಹಾಕಿ, ಪ್ರವಾಹ ಹರಿಸಿ. ಋಣಾಗ್ರದಿಂದ, ಅಂದರೆ ಕಪ್ಪು ವೈರಿನ ಕಡ್ಡಿಯಿಂದ, ಸಣ್ಣ ಗುಳ್ಳೆಗಳು ಹೊಗೆಯ ಎಳೆಯಂತೆ ಎಡೆಬಿಡದೆ ಏಳುತ್ತವೆ. ಧನಾಗ್ರದ ಗುಳ್ಳೆಗಳು ಸಾಮಾನ್ಯವಾಗಿ ದಪ್ಪಗಿರುತ್ತವೆ, ಕಡ್ಡಿಯನ್ನು ಕಚ್ಚಿಕೊಂಡು ಬೆಳೆದು ಆಮೇಲೆ ಬಿಡುತ್ತವೆ. ಓದುವ ಮುನ್ನ ಡಬ್ಬಿಯನ್ನು ಬೆರಳಿನಿಂದ ತಟ್ಟಿದರೆ ಅಂಟಿಕೊಂಡ ಗುಳ್ಳೆಗಳೂ ಮೇಲೇರುತ್ತವೆ.

ಸೊನ್ನೆಯಿಂದ ಎಣಿಸದೆ ಏರಿಕೆಯನ್ನು ಎಣಿಸುವುದು ಇಲ್ಲಿಯ ಮುಖ್ಯ ಜಾಣ್ಮೆ. ಮೂತಿಯೊಳಗೂ ಟ್ಯೂಬಿನ ಬುಡದಲ್ಲೂ ಸ್ವಲ್ಪ ಅನಿಲ ತುಂಬಿಕೊಳ್ಳುತ್ತದೆ, ಅದು ಗೆರೆಗಳ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆಯಿಂದ ಅಷ್ಟಷ್ಟೇ ಕಳೆದುಹೋದಾಗ ಅನುಪಾತ ಎರಡನ್ನು ಮೀರಿಬಿಡುತ್ತದೆ. ಎರಡೂ ನಳಿಗೆಗಳಲ್ಲಿ ನೀರಿನ ಮಟ್ಟ ಒಂದು ಮಿಲಿಲೀಟರಿನ ಗೆರೆಯನ್ನು ದಾಟಿದ ಮೇಲೆ ಮೊದಲ ಓದನ್ನು ಬರೆದುಕೊಂಡು, ಹತ್ತು ನಿಮಿಷದ ಬಳಿಕ ಇನ್ನೊಂದು ಓದನ್ನು ಬರೆದುಕೊಂಡು, ವ್ಯತ್ಯಾಸಗಳನ್ನು ಭಾಗಿಸಬೇಕು. ನಳಿಗೆಯೊಳಗಿನ ನೀರು ಹೊರಗಿನ ಮಟ್ಟಕ್ಕಿಂತ ಕೆಲವು ಸೆಂಟಿಮೀಟರ್ ಮೇಲಿರುವುದರಿಂದ ಆಗುವ ಒತ್ತಡದ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ, ಅದನ್ನು ಮರೆತುಬಿಡಬಹುದು.

ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿದ್ದರೆ ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಅನಿಲ ಹುಟ್ಟುತ್ತದೆ ಎನ್ನುವ ಫ್ಯಾರಡೆಯ ನಿಯಮವನ್ನೂ ಒರೆಗೆ ಹಚ್ಚಬಹುದು. 100 ಮಿಲಿಆಂಪಿಯರ್ ಪ್ರವಾಹ ಹತ್ತು ನಿಮಿಷ ಹರಿದರೆ 60 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನಿಗೆ 96,485 ಕೂಲಂಬ್, ಒಂದು ಹೈಡ್ರೋಜನ್ ಅಣುವಿಗೆ ಎರಡು ಎಲೆಕ್ಟ್ರಾನ್. ಸಮುದ್ರಮಟ್ಟದಲ್ಲಿ, 25 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಇದು ಸುಮಾರು 7.6 ಮಿಲಿಲೀಟರ್ ಹೈಡ್ರೋಜನ್ ಆಗುತ್ತದೆ. ಮಂಗಳೂರಿನಲ್ಲಿ ಈ ಲೆಕ್ಕ ಹೊಂದುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಅಲ್ಲಿಯ ವಾಯುಭಾರ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ ಇರುವುದರಿಂದ ಅಷ್ಟೇ ಅನಿಲ ಹಿಗ್ಗಿ ಎಂಟೂವರೆ ಮಿಲಿಲೀಟರಿನ ಆಸುಪಾಸಿಗೆ ಬರುತ್ತದೆ. ಅನುಪಾತ ಮಾತ್ರ ಎರಡೂ ಊರಿನಲ್ಲಿ ಒಂದೇ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಅನುಪಾತ ಎರಡಕ್ಕಿಂತ ತುಸು ಹೆಚ್ಚೇ ಬರುವುದುಂಟು. ತಪ್ಪು ಗ್ರಾಫೈಟಿನದು. ಧನಾಗ್ರದಲ್ಲಿ ಹುಟ್ಟುವ ಆಕ್ಸಿಜನ್ನಿನ ಒಂದಂಶ ಇಂಗಾಲದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅದರಲ್ಲಿ ಬಹಳಷ್ಟು ನೀರಿನಲ್ಲಿ ಕರಗಿಹೋಗುತ್ತದೆ. ಕಡ್ಡಿ ಸವೆದು ಕಪ್ಪು ಪುಡಿ ಉದುರುವುದೂ ಇದೇ ಕಾರಣದಿಂದ. ಇದನ್ನು ಪರೀಕ್ಷಿಸಲು ಎಲೆಅಡಿಕೆಯ ಸುಣ್ಣ ಸಾಕು. ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡು, ಧನಾಗ್ರದ ಅನಿಲವನ್ನು ಸಿರಿಂಜಿನಲ್ಲಿ ಎಳೆದು ಆ ತಿಳಿನೀರಿನೊಳಗೆ ನಿಧಾನವಾಗಿ ಊದಿಸಿ. ತಿಳಿ ಮಸುಕಾದರೆ ಇಂಗಾಲದ ಡೈಆಕ್ಸೈಡ್ ಇದೆ ಎಂದಾಯಿತು. ಅನುಪಾತವನ್ನು ಬಲವಂತವಾಗಿ 2 ಎಂದು ಬರೆಸುವುದಕ್ಕಿಂತ, 2.2 ಬಂದದ್ದು ಏಕೆ ಎಂದು ವಿದ್ಯಾರ್ಥಿ ಹೀಗೆ ಹುಡುಕಿ ತಿಳಿಯುವುದು ಹೆಚ್ಚು ಬೆಲೆಯುಳ್ಳದ್ದು ಎಂದು ನನಗನಿಸುತ್ತದೆ.

ಅನಿಲಗಳ ಪರೀಕ್ಷೆ

ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಬೆರೆತಿದ್ದರೂ ಹೊತ್ತಿಕೊಳ್ಳುತ್ತದೆ. ಆಕ್ಸಿಜನ್ ಜೊತೆ ಸೇರಿದರೆ ಸ್ಫೋಟಿಸುತ್ತದೆ. ಎರಡು ಅನಿಲಗಳನ್ನು ಒಂದೇ ಪಾತ್ರೆಯಲ್ಲಿ ಹಿಡಿಯಬಾರದು, ಬಾಟಲಿಯಲ್ಲೋ ಬಲೂನಿನಲ್ಲೋ ಕೂಡಿಡಬಾರದು, ಹತ್ತು ಮಿಲಿಲೀಟರಿಗಿಂತ ದೊಡ್ಡ ನಳಿಗೆಗೆ ಹೋಗಬಾರದು. ಪ್ರಯೋಗ ನಡೆಯುವ ಕೋಣೆಯಲ್ಲಿ ದೇವರ ದೀಪವಾಗಲಿ ಒಲೆಯಾಗಲಿ ಉರಿಯುತ್ತಿರಬಾರದು. ಸ್ಕೂಟರಿನ ಮೈಲೇಜ್ ಹೆಚ್ಚಿಸಲೆಂದು ಇಂಥ ಅನಿಲವನ್ನು ಎಂಜಿನ್ನಿಗೆ ಹಾಯಿಸುವ ಕಿಟ್ಟುಗಳ ಪ್ರಚಾರ ಆಗಾಗ ಕಾಣುತ್ತದೆ. ನೀರನ್ನು ಒಡೆಯಲು ವ್ಯಯವಾಗುವ ಶಕ್ತಿ ಆ ಅನಿಲ ಉರಿದಾಗ ಮರಳಿ ಬರುವುದಕ್ಕಿಂತ ಯಾವಾಗಲೂ ಹೆಚ್ಚೇ ಇರುವುದರಿಂದ ಅದರಲ್ಲಿ ಲಾಭದ ಮಾತೇ ಇಲ್ಲ.

ಪರೀಕ್ಷೆಗೆ ಮುನ್ನ ಸೆಲ್ಲುಗಳನ್ನು ಬಿಡಿಸಿ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಸಿರಿಂಜನ್ನು ಋಣಾಗ್ರದ ನಳಿಗೆಯ ಟ್ಯೂಬಿಗೆ ಸಿಕ್ಕಿಸಿ, ಕ್ಲಿಪ್ಪು ತೆಗೆದು ಅನಿಲವನ್ನು ಎಳೆದುಕೊಳ್ಳಿ. ಬೇರೆ ಮೇಜಿನ ಮೇಲೆ ತಟ್ಟೆಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರಿಟ್ಟು, ಅದರೊಳಗೆ ಸಿರಿಂಜಿನ ಮೂತಿ ಮುಳುಗಿಸಿ ಎರಡು ಮೂರು ಗುಳ್ಳೆ ಬಿಡಿ. ಸಿರಿಂಜನ್ನು ದೂರ ಒಯ್ದಿಟ್ಟ ಮೇಲಷ್ಟೇ ಉದ್ದನೆಯ ಊದುಬತ್ತಿಯ ತುದಿಗೆ ಜ್ವಾಲೆ ಹಚ್ಚಿ ಗುಳ್ಳೆಗೆ ಮುಟ್ಟಿಸಬೇಕು. 'ಟಪ್' ಎಂದು ಸದ್ದಾಗುತ್ತದೆ. ಆಕ್ಸಿಜನ್ನಿಗೆ ಅದೇ ಊದುಬತ್ತಿಯ ಜ್ವಾಲೆಯನ್ನು ಆರಿಸಿ, ಕೆಂಡವಷ್ಟೇ ಉಳಿದಿರುವಾಗ, ಹೈಡ್ರೋಜನ್ ಪೂರ್ತಿ ಹೊರದೂಡಿದ ಸಿರಿಂಜಿನಲ್ಲಿ ಎರಡನೆಯ ನಳಿಗೆಯ ಅನಿಲವನ್ನು ತಂದು ಕೆಂಡದ ಮೇಲೆ ಮೆಲ್ಲಗೆ ಊದಿಸಬೇಕು. ಕೆಂಡ ಒಮ್ಮೆಲೇ ಬೆಳ್ಳಗೆ ಪ್ರಜ್ವಲಿಸುತ್ತದೆ.

ಕೆಲಸ ಮುಗಿದ ಮೇಲೆ ದ್ರಾವಣವನ್ನು ಸೋಸಿ ಬಾಟಲಿಗೆ ಹಾಕಿ, ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಲ್ಲಿ ಇಟ್ಟರೆ ಇನ್ನೊಮ್ಮೆ ಬಳಸಬಹುದು. ಡಬ್ಬಿಯನ್ನು ಎರಡು ಸಲ ನೀರಿನಿಂದ ಜಾಲಿಸಿ ಒಣಗಿಸಿ. ಋಣಾಗ್ರಕ್ಕೆ ಅಂಟಿದ ಬಿಳಿಯ ಪದರ ನಿಂಬೆರಸಕ್ಕೆ ಕರಗುತ್ತದೆ. ಧನಾಗ್ರದ ಕಡ್ಡಿ ಮುಟ್ಟಿದರೆ ಉದುರುವಷ್ಟು ಮೆದುವಾದಾಗ ಎಂ-ಸೀಲನ್ನು ಕೆತ್ತಿ ತೆಗೆದು ಹೊಸದನ್ನು ಕೂರಿಸಬೇಕಾಗುತ್ತದೆ. ಪೆನ್ಸಿಲಿನ ಉಳಿದ ಕಡ್ಡಿಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಆಗ ಉಪಯೋಗಕ್ಕೆ ಬರುತ್ತದೆ.